ಅವರೆಸಿಪ್ಪೆಯ ನದಿ

ತನ್ವಿ, ಚರಣ, ಈ ಸಲ ಸಂಕ್ರಾಂತಿಗೆ ಬಂದಾಗ ನೀವಿಬ್ಬರೂ ಜಗುಲಿಯ ಮೇಲೆ ನನ್ನ ಜೊತೆ ಕೂತು ಅವರೆಕಾಯಿ ಬಿಡಿಸಿದಿರಿ. ಚರಣ ಬೆರಳು ಮೂಸಿ ಮುಖ ಸಿಂಡರಿಸಿದ. ಸೋಪು ಹಾಕಿ ತೊಳೆದರೂ ಹೋಗದ ಆ ಜಿಡ್ಡಿನ ವಾಸನೆಗೆ ಸೊಗಡು ಅನ್ನುತ್ತಾರೆ. ಮಂಜು ಹೆಚ್ಚು ಬಿದ್ದ ವರ್ಷ ಸೊಗಡೂ ಹೆಚ್ಚು. ಅದೇ ಹೊತ್ತಿಗೆ ತನ್ವಿ, "ಅಮ್ಮ, ನೀನು ಎಂ.ಎ.ನಲ್ಲಿ ಏನು ಓದಿದ್ದು?" ಎಂದು ಕೇಳಿದಳು. ಸ್ಕೂಲಿನಲ್ಲಿ ಮನೆಯವರ ಬಗ್ಗೆ ಬರೆದುಕೊಂಡು ಬರಲು ಹೇಳಿದ್ದರಂತೆ. ನಿಮ್ಮಮ್ಮ ಅಡುಗೆಮನೆಯಿಂದಲೇ, "ಅಂತರರಾಷ್ಟ್ರೀಯ ಸಂಬಂಧ. ಹಂಗಂದ್ರೆ ಏನು ಅಂತ ಅಜ್ಜೀನ ಕೇಳು, ನನ್ನ ಜೊತೆ ಅವರೂ ಓದವ್ರೆ" ಅಂದಳು. ನೀವು ನಕ್ಕಿರಿ. ನಾನೂ ನಕ್ಕೆ. ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಆಗ ನಿಮ್ಮಪ್ಪ ಅಂಗಳದಲ್ಲಿ ಟೇಪು ಹಿಡಿದು ಏನೋ ಅಳೆಯುತ್ತಿದ್ದ. ಆ ವಿಷಯ ಕೊನೆಗೆ ಹೇಳುತ್ತೇನೆ.

ನಾನು ಓದಿದ್ದು ಏಳನೇ ತರಗತಿವರೆಗೆ, ತವರೂರಿನ ಕನ್ನಡ ಶಾಲೆಯಲ್ಲಿ. ಮೇಷ್ಟರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ನಾನು ಕೈ ಎತ್ತುತ್ತಿರಲಿಲ್ಲ. ಮದುವೆಯಾಗಿ ಡೆಂಕಣಿಕೋಟೆ ರಸ್ತೆಯ ಈ ಊರಿಗೆ ಬಂದ ಮೇಲೆ ಮಾತಾಡುವ ಅಗತ್ಯ ಇನ್ನೂ ಕಡಿಮೆಯಾಯಿತು. ನಿಮ್ಮ ತಾತನ ಅಣ್ಣ, ಅಂದರೆ ನಿಮ್ಮ ದೊಡ್ಡ ತಾತ, ನನಗೆ ಭಾವ; ಅದೇ ಬೀದಿಯಲ್ಲಿ ಅವರ ಮನೆ ಬೇರೆ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಏನಾದರೂ ಹೇಳುವುದಿದ್ದರೆ ಮಧ್ಯೆ ಒಬ್ಬರು ಬೇಕು. ಆ ಒಬ್ಬರು ಯಾವಾಗಲೂ ಅವರ ಹೆಂಡತಿ, ನನ್ನ ಓರಗಿತ್ತಿ ಮುನಿಯಮ್ಮಕ್ಕ. ಮೂವರೂ ಒಂದೇ ನಡುಮನೆಯಲ್ಲಿದ್ದರೂ ನಾನು, "ಅಕ್ಕ, ಊಟಕ್ಕೆ ಏಳಬೇಕಂತೆ ಅನ್ನು" ಅಂದರೆ, ಅಕ್ಕ ಅದನ್ನು ಅವರಿಗೆ ಹೇಳುವಳು. ಅವರು "ಇನ್ನೊಂದ್ ಗಳಿಗೆ ಅಂತ ಹೇಳು" ಅಂದದ್ದನ್ನು ಅಕ್ಕ ತಿರುಗಿ ನನಗೆ ಹೇಳುವಳು. ಕೇಳಿದವರಿಗೆ ನಗು ಬರುತ್ತದೆ, ನಮಗೆ ಅಭ್ಯಾಸವಾಗಿತ್ತು.

ಮನೆಯ ದೊಡ್ಡ ಮಾತುಗಳು ಭಾವನ ಬಾಯಿಂದಲೇ ಬರಬೇಕು. ಗದ್ದೆ ಗುತ್ತಿಗೆಗೆ ಕೊಡುವುದಿರಲಿ, ಹೆಣ್ಣು ನೋಡಲು ಹೋಗುವುದಿರಲಿ, ಅವರು ಚಾಪೆಯ ಮೇಲೆ ಕೂತು, ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಯೋಚನೆ ಹೇಳುವರು. "ಯಾರ್ದಾದ್ರೂ ಏನಾದ್ರೂ ಐತಾ?" ಎಂದು ಕೇಳುವರು. ಸ್ವಲ್ಪ ಹೊತ್ತು ಕಾಯುವರು. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರೆ ಮಾತು ಮುಗಿಯಿತು, ಮತ್ತೆ ಅದನ್ನು ಎತ್ತುವಂತಿಲ್ಲ. ಅವರು ಕೆಟ್ಟವರಲ್ಲ. ಯಾರಿಗೂ ಅನ್ಯಾಯ ಮಾಡಿದವರಲ್ಲ. ಕೇಳದೆ ಮಾಡಿದವರೂ ಅಲ್ಲ, ಕೇಳುತ್ತಿದ್ದರು. ಉತ್ತರ ಕೊಡುವ ಅಭ್ಯಾಸ ನಮಗಿರಲಿಲ್ಲ.

ನಿಮ್ಮಮ್ಮ ಮಾಲೂರು ಕಡೆಯ ಹುಡುಗಿ. ಮದುವೆಯ ಹೊತ್ತಿಗೆ ಎಂ.ಎ.ಗೆ ಸೇರಬೇಕೆಂದಿದ್ದಳು. ಓದಿಸಬೇಕು ಅನ್ನುವುದೊಂದೇ ಅವಳ ಕಡೆಯ ಷರತ್ತು. ನಿಮ್ಮ ತಾತ ಆ ಕ್ಷಣವೇ ಒಪ್ಪಿದರು. ಬೆಳಿಗ್ಗೆ ಇಲ್ಲಿಂದ ಹೊಸೂರು, ಅಲ್ಲಿ ಬಸ್ಸು ಬದಲಿಸಿ ರಾಜ್ಯದ ಗಡಿಯ ಜೂಜುವಾಡಿ ಚೆಕ್‌ಪೋಸ್ಟು, ಅತ್ತಿಬೆಲೆ ದಾಟಿ ಬೆಂಗಳೂರು. ಸಂಜೆ ಜೂಜುವಾಡಿಯಲ್ಲಿ ಲಾರಿಗಳ ಸಾಲಿಗೆ ಸಿಕ್ಕಿಕೊಂಡರೆ ಊರು ಸೇರುವ ಹೊತ್ತಿಗೆ ಕತ್ತಲು. ಬಸ್ಸು ನಿಲ್ಲುವ ಟಾರು ರಸ್ತೆಯಿಂದ ನಮ್ಮೂರಿಗೆ ರಾಗಿ ಹೊಲಗಳ ನಡುವೆ ನಡೆದು ಬರಬೇಕು. ರಾಗಿ ಬಲಿಯುವ ಕಾಲಕ್ಕೆ ಜವಳಗಿರಿ ಕಾಡಿನ ಕಡೆಯಿಂದ ಆನೆ ಹಿಂಡು ಬರುತ್ತದೆ. ನಿಮ್ಮ ತಾತ ಬ್ಯಾಟರಿ ಹಿಡಿದುಕೊಂಡು ದಿನಾ ರಸ್ತೆಗೆ ಹೋಗಿ ಸೊಸೆಯನ್ನು ಕರೆದುಕೊಂಡು ಬರುತ್ತಿದ್ದರು. ದಾರಿಯುದ್ದಕ್ಕೂ ಇವತ್ತು ಏನು ಪಾಠವಾಯಿತು ಎಂದು ಕೇಳುತ್ತಿದ್ದರಂತೆ. ಮನೆಗೆ ಬಂದು ನನಗೆ, "ಗೊತ್ತಾ, ದೇಶಗಳೂ ನಮ್ಮಂಗೇ ಮುನಿಸ್ಕೊಂಡು ಮಾತು ಬಿಡ್ತಾವಂತೆ" ಎಂದು ಹೇಳುತ್ತಿದ್ದರು.

ಒಂದು ವರ್ಷ ಹಾಗೆ ಕಳೆಯಿತು. ಎರಡನೇ ವರ್ಷದ ಮಧ್ಯೆ, ದೀಪಾವಳಿ ಮುಗಿದ ವಾರ, ನಿಮ್ಮ ತಾತ ಎದೆ ಹಿಡಿದುಕೊಂಡಿದೆ ಅಂದವರು ಹೊಸೂರು ತಲುಪುವ ಮೊದಲೇ ಹೋಗಿಬಿಟ್ಟರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆದು ತಿಳಿಸುವ ವಿಷಯವಲ್ಲ ಅದು.

ನಮ್ಮ ಮನೆತನದಲ್ಲಿ ಗಂಡ ಹೋದ ಹೆಂಗಸು ಮೂರು ತಿಂಗಳು ಮನೆ ಬಿಟ್ಟು ಹೊರಗೆ ಹೋಗುವ ಹಾಗಿರಲಿಲ್ಲ. ಮೂರನೇ ತಿಂಗಳು ತವರಿನವರು ಸೀರೆ ತಂದು ಉಡಿಸಿ ಹೊರಗೆ ಕರೆದುಕೊಂಡು ಬರಬೇಕು. ಅಲ್ಲಿಯವರೆಗೆ ಅವಳ ಜೊತೆ ಯಾರಾದರೂ ಇರಬೇಕು. ಹನ್ನೊಂದನೇ ದಿನದ ಕೆಲಸ ಮುಗಿದ ಮೇಲೆ ನಿಮ್ಮಮ್ಮ ಮತ್ತೆ ಕಾಲೇಜಿಗೆ ಹೋದಳು. ಹಗಲು ನನ್ನ ಜೊತೆ ಮುನಿಯಮ್ಮಕ್ಕ ಇರುತ್ತಿದ್ದಳು. ಪಕ್ಕದ ಮನೆಯ ಸೆಲ್ವಿಯೂ ಬರುತ್ತಿದ್ದಳು. ಸೆಲ್ವಿ ಕೃಷ್ಣಗಿರಿಯಾಚೆಯವಳು, ಅವಳ ಗಂಡ ನಿಮ್ಮಪ್ಪನ ಫ್ಯಾಕ್ಟರಿಯಲ್ಲೇ ಕೆಲಸಕ್ಕಿದ್ದ. ಕನ್ನಡ, ತಮಿಳು ಎರಡನ್ನೂ ಒಂದೇ ಉಸಿರಿಗೆ ಆಡುವವಳು. ಸಂಜೆ ನಿಮ್ಮಮ್ಮನನ್ನು ಕರೆತರಲು ನಿಮ್ಮಪ್ಪ ಶಿಫ್ಟು ಬದಲಿಸಿಕೊಂಡು ಹೇಗೋ ಹೊಂದಿಸಿದ. ಅದು ಎಷ್ಟು ದಿನ ನಡೆಯುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಮಾಗಿ ಬಂತು, ಅವರೆ ಬಂತು. ಆ ವರ್ಷ ಮಂಜು ಜೋರು. ಸಾವಿನ ಮನೆಯಲ್ಲಿ ಸುಮ್ಮನೆ ಕೂರುವುದು ಕಷ್ಟ, ಹಾಗಾಗಿ ಅಕ್ಕ ಮಂಕರಿ ತುಂಬ ಕಾಯಿ ತಂದು ನಡುಮನೆಯಲ್ಲಿ ಸುರಿಯುವಳು. ನಾವು ಮೂವರೂ ಬಿಡಿಸುವುದು, ನೆನೆಸಿದ ಕಾಳನ್ನು ಹಿಚುಕುವುದು, ಮತ್ತೆ ಬಿಡಿಸುವುದು. ಒಂದು ಭಾನುವಾರ ನಿಮ್ಮಮ್ಮನೂ ಬಂದು ಕೂತಳು. ಕೈಯಲ್ಲಿ ಕಾಯಿ ಇದ್ದರೂ ಮನಸ್ಸು ಎಲ್ಲೋ ಇತ್ತು.

"ಅತ್ತೆ, ನಂಗೊಂದು ಸಹಾಯ ಬೇಕು. ಕ್ಲಾಸಿನಲ್ಲಿ ಅಣಕು ಸಮ್ಮೇಳನ ಮಾಡ್ತಾರೆ. ನಾಲ್ಕು ದೇಶ, ಒಂದು ನದಿ. ನೀರು ಹಂಚ್ಕೊಳ್ಳೋ ಒಪ್ಪಂದ ಆಗ್ಬೇಕು. ನಾನು ಅಧ್ಯಕ್ಷೆ. ಸಭೆ ನಡೆಸಿ ನಂಗೆ ಅಭ್ಯಾಸ ಇಲ್ಲ."

"ಯಾವ ನದಿ, ಕಾವೇರಿಯಾ?" ಅಂದಳು ಸೆಲ್ವಿ. "ಕಾವೇರಿ ಆದ್ರೆ ನಾ ಬರಲ್ಲಮ್ಮಾ. ಆಮೇಲೆ ಜೂಜುವಾಡಿಲಿ ಬಸ್ಸು ನಿಲ್ಸಿಬುಡ್ತಾರೆ."

"ಕಾವೇರಿ ಅಲ್ಲಕ್ಕ. ಮೇಷ್ಟ್ರು ಕಲ್ಪನೆ ಮಾಡಿರೋ ನದಿ. ಎಲ್ಲೂ ಇಲ್ಲ."

"ಇಲ್ದೇ ಇರೋ ನದಿಗೂ ಸಂಡೆಯಾ, ಜಗಳವಾ? ಸರಿ, ಆಡೋಣ."

ನಿಮ್ಮಮ್ಮ ಬಿಡಿಸಿದ ಸಿಪ್ಪೆಗಳನ್ನು ನಡುಮನೆಯ ಉದ್ದಕ್ಕೂ ಜೋಡಿಸಿ ನದಿ ಮಾಡಿದಳು. ಮೇಲ್ಗಡೆ ಮುನಿಯಮ್ಮಕ್ಕನ ದೇಶ. ಅಕ್ಕ ಕೂಡಲೇ ಮೊರವನ್ನು ಅಡ್ಡ ಇಟ್ಟು ಅಣೆಕಟ್ಟು ಕಟ್ಟಿದಳು. ಕೆಳಗಡೆ ಸೆಲ್ವಿಯ ದೇಶ. ನನ್ನದು ಪಕ್ಕದಲ್ಲಿ ಗುಡ್ಡದ ದೇಶ, ಅಲ್ಲಿಂದ ಸಣ್ಣ ಹೊಳೆಯೊಂದು ನದಿಗೆ ಸೇರುತ್ತಿತ್ತು. ನಾಲ್ಕನೆಯ ದೇಶಕ್ಕೆ ಯಾರೂ ಇರಲಿಲ್ಲ, ಕುಂಬಳಕಾಯಿ ಇಟ್ಟರು.

"ನಾನು ಮೇಲ್ಗಡೆ ಇರೋಳು, ನಾ ಬಿಟ್ರೆ ನೀರು" ಅಂದಳು ಅಕ್ಕ.

"ನೀನು ಬಿಡದಿದ್ರೆ ನಾಳೆ ನಿಂಗೆ ಮೀನು ಕೊಡಲ್ಲ" ಅಂದಳು ಸೆಲ್ವಿ.

"ನಾನು ಮೀನು ತಿನ್ನಲ್ಲ ಕಣೆ."

"ಹಂಗಾದ್ರೆ ನಿಮ್ಮ ಯಜಮಾನ್ರಿಗೆ ಕೊಡಲ್ಲ."

ಇಬ್ಬರೂ ಎಷ್ಟೋ ಹೊತ್ತು ಜಗಳವಾಡಿದರು. ನಾನು ಕಾಯಿ ಬಿಡಿಸುತ್ತಿದ್ದೆ. ಕಡೆಗೆ ನಿಮ್ಮಮ್ಮ ಇಬ್ಬರಿಗೂ ಹೊಂದುವಂತೆ ಒಂದು ಕರಡು ಹೇಳಿದಳು. ಅಕ್ಕ ಬೇಸಿಗೆಯಲ್ಲಿ ಇಷ್ಟು ನೀರು ಬಿಡಬೇಕು. ಕಡಿಮೆ ಬಿದ್ದದ್ದನ್ನು ಗುಡ್ಡದ ದೇಶದ ಹೊಳೆಯಿಂದ ತುಂಬಿಸಿಕೊಳ್ಳಬೇಕು.

"ಇದು ಕರಡು" ಅಂದಳು. "ಈಗ ಯಾರೂ ಹೂಂ ಅನ್ನೋದು ಬೇಡ. ನಾಳೆ ಬೆಳಿಗ್ಗೆವರೆಗೆ ಟೈಮು. ಅಷ್ಟರೊಳಗೆ ಯಾರೂ ಬೇಡ ಅನ್ನದಿದ್ರೆ ಎಲ್ಲರೂ ಒಪ್ಪಿದಂಗೆ. ದೇಶಗಳು ನಿಜವಾಗ್ಲೂ ಹಿಂಗೇ ಮಾಡ್ತಾವೆ. ಬೇಡ ಅನ್ನೋದಕ್ಕೆ ಮೌನ ಮುರಿಯೋದು ಅಂತಾರೆ."

"ನಿಮ್ಮ ದೊಡ್ಡಮಾವನ ಟವೆಲ್ ಇದ್ದಂಗೆ" ಅಂದಳು ಅಕ್ಕ. ಸೆಲ್ವಿ ಬಿದ್ದು ಬಿದ್ದು ನಕ್ಕಳು.

ನಾನು ಆಗ ಒಂದು ಪ್ರಶ್ನೆ ಕೇಳಿದೆ. ಅಂಥ ಸಭೆಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು. "ಬೇಡ ಅನ್ನೋರು ಕಾರಣ ಹೇಳ್ಬೇಕಾ?"

"ಹೇಳಿದ್ರೆ ಒಳ್ಳೇದು ಅತ್ತೆ. ಹೇಳದಿದ್ರೂ ಕರಡು ಅಲ್ಲಿಗೇ ನಿಲ್ತದೆ."

"ಸಣ್ಣ ದೇಶ ಹೇಳಿದ್ರೂ?"

"ಯಾರು ಹೇಳಿದ್ರೂ."

"ದೊಡ್ಡ ದೇಶಕ್ಕೆ ಕೋಪ ಬರಲ್ವಾ?"

"ಬರ್ತದೆ. ಆಮೇಲೆ ಬಂದು ಮಾತಾಡ್ತಾರೆ. ಬರೀ ಬೇಡ ಅನ್ನದೆ, ಅದರ ಬದಲಿಗೆ ಹಿಂಗೆ ಮಾಡೋಣ ಅಂತ ಇನ್ನೊಂದು ಹೇಳಿದ್ರೆ ಬೇಗ ಬರ್ತಾರೆ."

ಮಾರನೇ ದಿನ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ನಿಮ್ಮಮ್ಮ ನನ್ನ ಮುಖ ನೋಡಿದಳು. ನಾನು ಡಬ್ಬಿ ಕೊಟ್ಟೆ, ಏನೂ ಅನ್ನಲಿಲ್ಲ. "ಆಯ್ತು ಅತ್ತೆ, ಒಪ್ಪಂದ ಆಯ್ತು" ಎಂದು ನಗುತ್ತಾ ಹೋದಳು. ಮಧ್ಯಾಹ್ನ ಸೆಲ್ವಿ ಬಂದವಳೇ, "ಎನ್ನಕ್ಕಾ, ನಿನ್ನ ಹೊಳೆ ಹೋಯ್ತಲ್ಲ. ನಾನಾಗಿದ್ರೆ ಕೊಡ್ತಿರಲಿಲ್ಲ" ಎಂದು ಬೈದಳು. ನಿಮ್ಮ ತಾತ ಹೋದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಅವತ್ತು.

ಸಮ್ಮೇಳನ ಚೆನ್ನಾಗಿ ಆಯಿತಂತೆ. ಮೂರನೇ ಸೆಮಿಸ್ಟರಿನ ಪರೀಕ್ಷೆಯೂ ಮುಗಿಯಿತು. ಉಳಿದದ್ದು ಕೊನೆಯ ಸೆಮಿಸ್ಟರು. ಅಷ್ಟರಲ್ಲಿ ನನ್ನ ಮೂರು ತಿಂಗಳೂ ತುಂಬುತ್ತಾ ಬಂತು. ನಿಮ್ಮಪ್ಪನಿಗೆ ಇನ್ನು ಮುಂದೆ ಶಿಫ್ಟು ಬದಲಿಸಿಕೊಡಲು ಆಗುವುದಿಲ್ಲವೆಂದು ಫ್ಯಾಕ್ಟರಿಯಲ್ಲಿ ಹೇಳಿದರು. ಭಾವ ಏನು ಯೋಚಿಸಿದ್ದಾರೆಂದು ಅಕ್ಕ ನಮಗೆ ಮೊದಲೇ ತಿಳಿಸಿದಳು: ವರ್ಷದ ತಿಥಿ ಆಗುವವರೆಗೆ ಸೊಸೆ ಓದು ನಿಲ್ಲಿಸಿ ಮನೆಯಲ್ಲಿರಬೇಕು.

ತವರಿನವರು ಬರುವ ಹಿಂದಿನ ದಿನ ಸಂಜೆ ನಿಮ್ಮಮ್ಮ ನನ್ನ ಹತ್ತಿರ ಬಂದು ಕೂತಳು. "ಅತ್ತೆ, ನಿಮಗೆ ಒಬ್ರೇ ಇರೋಕೆ ಕಷ್ಟ ಆಗ್ತದೆ ಅಂದ್ರೆ ನಾನು ನಿಲ್ತೀನಿ. ಬೇಜಾರಿಲ್ಲ. ನಿಜ ಹೇಳಿ" ಅಂದಳು. ನಾನು ಅವಳ ಬೆನ್ನು ಸವರಿ ಒಲೆಯ ಕಡೆ ತಿರುಗಿದೆ. ಬೇಡ, ಓದು ಅನ್ನುವುದನ್ನು ಆ ಕೈಯಲ್ಲೇ ಹೇಳಿದೆನೆಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಅಟ್ಟದ ಏಣಿ ಸರಿದ ಸದ್ದು ಕೇಳಿ ಹೋಗಿ ನೋಡಿದರೆ, ಅವಳು ಪುಸ್ತಕಗಳನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದಳು. ಅಳುತ್ತಿರಲಿಲ್ಲ. ಇಲಿ ಕಡಿಯದ ಹಾಗೆ ಗಂಟನ್ನು ಬಿಗಿಮಾಡುತ್ತಿದ್ದಳು. ಆ ನಿಯಮವನ್ನು ನನಗೆ ಕಲಿಸಿದವಳೇ ನನ್ನ ಮೌನವನ್ನು ಒಪ್ಪಿಗೆ ಎಂದು ಓದಿಕೊಂಡಿದ್ದಳು.

ಮಾರನೇ ದಿನ ನನ್ನ ತಮ್ಮ ತವರಿನಿಂದ ಸೀರೆ ತಂದ. ಊಟವಾದ ಮೇಲೆ ಭಾವ ಚಾಪೆಯ ಮೇಲೆ ಕೂತರು. ನಿಮ್ಮಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ನಿಮ್ಮಮ್ಮ ಅಡುಗೆಮನೆಯ ಬಾಗಿಲಲ್ಲಿದ್ದಳು. ನಾನು, ಅಕ್ಕ ಒಳಗೋಡೆಯ ಪಕ್ಕ ಕೂತಿದ್ದೆವು.

"ನೋಡ್ಲಾ ಲೋಕೇಶ" ಅಂದರು ಭಾವ, ನಿಮ್ಮಪ್ಪನಿಗೆ. "ನಿಮ್ಮಪ್ಪ ಇದ್ದಾಗ ಬ್ಯಾಟ್ರಿ ಹಿಡ್ಕೊಂಡು ಹೋಗಿ ಮಗೀನ ಕರ್ಕೊಂಡು ಬತ್ತಿದ್ದ. ಈಗ ಯಾರವ್ರೆ? ನೀನು ಶಿಫ್ಟು ಅಂತೀಯ. ಆನೆ ಇನ್ನೂ ವಾಪಸ್ ಹೋಗಿಲ್ಲ. ಇಲ್ಲಿ ಗೌರಮ್ಮ ಒಬ್ಬಳೇ ಕೂತ್ಕೊಂಡು ಭಯ ಬೀಳೋದು ಬ್ಯಾಡ. ಅವಳಿಗೋಸ್ಕರನಾದ್ರೂ ವರ್ಷದ ತಿಥಿಗಂಟ ಸೊಸೆ ಮನೇಲಿರ್ಲಿ. ಓದು ಎಲ್ಲಿಗೋಯ್ತದೆ? ಮುಂದಿನ ವರ್ಷ ಓದ್ಲಿ. ಯಾರ್ದಾದ್ರೂ ಏನಾದ್ರೂ ಐತಾ?"

ಹೊರಗೆ ಸೆಲ್ವಿಯ ಕೋಳಿಗಳ ಸದ್ದು ಮಾತ್ರ. ಎಲ್ಲ ನನ್ನ ಹೆಸರಿನಲ್ಲಿ ಆಗುತ್ತಿತ್ತು. ನನಗೋಸ್ಕರ ಅಂದ ಮೇಲೆ ನಿಮ್ಮಮ್ಮ ಬಾಯಿ ತೆರೆಯುವಂತಿರಲಿಲ್ಲ, ನಿಮ್ಮಪ್ಪನೂ ತೆರೆಯುವಂತಿರಲಿಲ್ಲ. ಭಾವ ಟವೆಲ್ಲು ಕೈಗೆ ತೆಗೆದುಕೊಂಡರು.

"ಅಕ್ಕ" ಅಂದೆ. ದನಿ ಗಟ್ಟಿಯಾಗಿ ಬರಲಿಲ್ಲ, ಆದರೆ ಬಂತು. "ಅವ್ರಿಗೆ ಹೇಳು. ನಂಗೆ ಒಪ್ಪಿಗೆ ಇಲ್ಲ."

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, "ಕೇಳುಸ್ತಾ? ಗೌರಿಗೆ ಒಪ್ಪಿಗೆ ಇಲ್ವಂತೆ" ಅಂದಳು.

ಭಾವ ಎದುರುಗೋಡೆ ನೋಡುತ್ತಾ, "ಯಾತಕ್ಕಂತೆ, ಕೇಳು" ಅಂದರು.

"ಯಾತಕ್ಕೆ ಅಂತಾವ್ರೆ."

"ನನಗೆ ಭಯ ಐತೆ ಅಂತ ನಾನು ಯಾರಿಗೂ ಹೇಳಿಲ್ಲ ಅನ್ನು. ಹುಡುಗಿ ಓದು ನಿಲ್ಲೋದು ಬೇಡ. ಬ್ಯಾಟ್ರಿ ಹಿಡ್ಕೊಂಡು ನಾನೇ ರಸ್ತೆಗೆ ಹೋಗಿ ಕರ್ಕೊಂಡು ಬತ್ತೀನಿ."

ಅಕ್ಕ ಒಂದು ಗಳಿಗೆ ಯೋಚಿಸಿ ಅದನ್ನು ಹೀಗೆ ತಲುಪಿಸಿದಳು: "ನಿಮ್ಮ ಮಾತು ಸರೀನೇ ಅಂತೆ. ಆನೆ ವಿಷ್ಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ ಅಂತೆ. ಅದಕ್ಕೆ ಗೌರಿ ಒಬ್ಬಳೇ ಹೋಗಲ್ವಂತೆ. ದಿನಾ ಸಾಯಂಕಾಲ ನಾನೂ ಜೊತೇಲಿ ರಸ್ತೆಗೆ ಹೋಗ್ಬೇಕಂತೆ."

ನಾನು ಹಾಗೆ ಅಂದಿರಲಿಲ್ಲ. ಅದು ಭಾವನಿಗೂ ಗೊತ್ತಿತ್ತು, ನನ್ನ ಮಾತು ಅವರ ಕಿವಿಗೆ ಬಿದ್ದೇ ಇತ್ತು. ಆದರೆ ಅಕ್ಕನ ಬಾಯಿಂದ ಬಂದದ್ದೇ ಲೆಕ್ಕ.

"ನೀನು ಹೋದ್ರೆ ನಿನ್ನ ಧಾರಾವಾಹಿ ಯಾರು ನೋಡ್ತಾರೆ?"

"ನೀವು ನೋಡಿ ನಂಗೆ ಕತೆ ಹೇಳಿ."

ನನ್ನ ತಮ್ಮ ನಗು ತಡೆಯಲಾರದೆ ಕೆಮ್ಮಿದ. ಭಾವ, "ದೇಶ ದೇಶದ ಸಂಬಂಧ ಓದ್ತೀನಿ ಅಂತ ಬಂದು ಮನೆ ಹೆಂಗಸ್ರನ್ನೆಲ್ಲ ಒಂದು ಮಾಡಿಬುಟ್ಳು" ಅಂದರು. ಸಿಟ್ಟಿನಲ್ಲೋ ತಮಾಷೆಗೋ ತಿಳಿಯಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನು ಕೊಡವಲಿಲ್ಲ. ಮಡಿಸಿ ಚಾಪೆಯ ಮೇಲಿಟ್ಟರು. "ಒಂದು ತಿಂಗ್ಳು ನೋಡಾನ. ಆಮೇಲೆ ಕೂತು ಮಾತಾಡಾನ." ನಾನು ಬಾಗಿಲ ಕಡೆ ನೋಡಿದೆ. ನಿಮ್ಮಮ್ಮ ಅಲ್ಲಿರಲಿಲ್ಲ. ಅಟ್ಟದ ಏಣಿ ಮತ್ತೆ ಸರಿದ ಸದ್ದಾಯಿತು.

ಹೊಸ ಸೀರೆಯುಟ್ಟು ನಾನು ಮನೆಯಿಂದ ಹೊರಗೆ ಹೋದದ್ದು ಹೀಗೆ, ಬಸ್ಸಿನ ರಸ್ತೆಗೆ. ದಿನಾ ಸಂಜೆ ನಾನು, ಅಕ್ಕ ಟಾರು ರಸ್ತೆಯ ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದೆವು. ಮೊದಲ ವಾರ ಗಂಡಸರು ನೋಡುತ್ತಾರೆಂದು ಸೆರಗು ಹೊದ್ದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಆಮೇಲೆ ಅವರು ನಮ್ಮನ್ನು ನೋಡಿ ನೋಡಿ ಸಾಕಾಗಿ ಬಿಟ್ಟರು. ಅಕ್ಕ ಟೀ ಕುಡಿಯುವುದನ್ನು ಕಲಿತಳು, ಅಂಗಡಿಯವನ ಸಂಸಾರದ ವಿಷಯವನ್ನೆಲ್ಲ ತಿಳಿದುಕೊಂಡಳು. ಬಸ್ಸು ತಡವಾದರೆ ಜೂಜುವಾಡಿಯಲ್ಲಿ ಲಾರಿ ಸಾಲು ಎಂದು ನಾವೇ ಹೇಳಿಕೊಳ್ಳುತ್ತಿದ್ದೆವು. ಆ ಜೂಜುವಾಡಿಯನ್ನು ನಾವಿಬ್ಬರೂ ಸರಿಯಾಗಿ ನೋಡಿರಲಿಲ್ಲ. ನಿಮ್ಮಮ್ಮ ಇಳಿದ ಮೇಲೆ ಮೂವರೂ ನಡೆದು ಬರುತ್ತಾ, ನಿಮ್ಮ ತಾತನ ಹಾಗೆ ನಾನೂ ಕೇಳುತ್ತಿದ್ದೆ, ಇವತ್ತು ಏನಾಯಿತು ಪಾಠ ಎಂದು. ಎಲ್ಲ ಅರ್ಥವಾಗುತ್ತಿತ್ತು ಎಂದು ಹೇಳುವುದಿಲ್ಲ. ಯುದ್ಧ ನಿಂತ ಮೇಲೂ ಮಾತಾಡದೆ ವರ್ಷಗಟ್ಟಲೆ ಎದುರುಬದುರು ನಿಂತಿರುವ ದೇಶಗಳಿವೆ ಎಂಬುದು ನೆನಪಿದೆ. "ಪಾಪ, ಅವ್ರಿಗೆ ಮಧ್ಯೆ ಹೇಳೋರು ಯಾರೂ ಸಿಕ್ಕಿಲ್ವಾ?" ಅಂದಿದ್ದಳು ಅಕ್ಕ.

ಒಂದು ಸಂಜೆ ಆನೆಗಳು ರಸ್ತೆಯ ಪಕ್ಕದ ಹೊಲಕ್ಕೇ ಬಂದವು. ಅರಣ್ಯ ಇಲಾಖೆಯವರು ನಮ್ಮನ್ನು ಅಂಗಡಿಯ ಒಳಗೆ ಕೂರಿಸಿದರು. ಕಂಡಕ್ಟರು ನಿಮ್ಮಮ್ಮನನ್ನು ಇಳಿಯಗೊಡದೆ ಡೆಂಕಣಿಕೋಟೆಗೆ ಕರೆದುಕೊಂಡು ಹೋದ. ಅಲ್ಲಿ ಅವಳ ಗೆಳತಿಯ ಮನೆಯಿತ್ತು, ಅಲ್ಲಿಂದ ಫೋನು ಮಾಡಿದಳು. ಎಲ್ಲ ಮುಗಿಯಿತು, ನಾಳೆ ಭಾವ ಬಂದು ಟವೆಲ್ಲು ಕೊಡವುತ್ತಾರೆ ಎಂದುಕೊಂಡೆ. ಬೆಳಿಗ್ಗೆ ಅಕ್ಕನ ಜೊತೆ ಬಂದರು. ಜಗುಲಿಯ ಮೇಲೆ ನಿಂತು ಅಕ್ಕನಿಗೆ, "ಮಗು ಅಲ್ಲಿ ಊಟ ಮಾಡಿತ್ತಾ, ಕೇಳು" ಅಂದರು. ಮಾಡಿದ್ದಳೆಂದು ನಾನು ಅಕ್ಕನಿಗೆ ಹೇಳಿದೆ. ಅವರು ಹೊರಟರು.

ತಿಂಗಳು ತುಂಬಿತು. ಅವರು ಕೂತು ಮಾತಾಡಲಿಲ್ಲ. ನಾವೂ ಎತ್ತಲಿಲ್ಲ. ಇನ್ನೊಂದು ತಿಂಗಳೂ ಹೋಯಿತು. "ಅತ್ತೆ, ದೊಡ್ಡಮಾವ ಮೌನ ಮುರೀಲಿಲ್ಲ. ಒಪ್ಪಿದಂಗೆ" ಎಂದು ನಿಮ್ಮಮ್ಮ ದಾರಿಯಲ್ಲಿ ಹೇಳಿದಾಗ ಅಕ್ಕ ನಗುತ್ತಾ ಬ್ಯಾಟರಿ ಕೆಳಗೆ ಹಾಕಿದಳು.

ಮಾವಿನ ಕಾಲ ಮುಗಿಯುವ ಹೊತ್ತಿಗೆ ಪರೀಕ್ಷೆ ಮುಗಿಯಿತು. ನಿಮ್ಮಮ್ಮ ಯಾವ ದೇಶಕ್ಕೂ ಹೋಗಲಿಲ್ಲ. ಹೊಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ನಿಮಗೆ ಗೊತ್ತೇ ಇದೆ. ಪ್ರತಿ ವರ್ಷ ಅವಳೂ ವಿದ್ಯಾರ್ಥಿಗಳಿಗೆ ಆ ಇಲ್ಲದ ನದಿಯನ್ನು ಹಂಚಲು ಕೊಡುತ್ತಾಳಂತೆ. ಗುಡ್ಡದ ದೇಶ ಯಾರಿಗೂ ಬೇಡವಂತೆ.

ಇನ್ನು ಟೇಪಿನ ವಿಷಯ. ಅವತ್ತು ಊಟಕ್ಕೆ ಕೂತಾಗ ನಿಮ್ಮಪ್ಪ, ಜಗುಲಿ ಮುಂದಿನ ಅವರೆಪಾತಿ ತೆಗೆದು ಅಲ್ಲಿ ಕಾರಿಗೆ ಶೆಡ್ಡು ಹಾಕಿಸುತ್ತೇನೆ ಅಂದ. ಯಾರೂ ಏನೂ ಅನ್ನಲಿಲ್ಲ. "ಅಮ್ಮನೂ ಒಪ್ಕೊಂಡವ್ಳೆ" ಅಂದ. ನಿಮ್ಮಮ್ಮ ಅವನ ತಟ್ಟೆಗೆ ಸಾರು ಬಡಿಸುತ್ತಾ, "ನಾಳೆ ಬೆಳಿಗ್ಗೆವರೆಗೆ ಟೈಮಿದೆ" ಅಂದಳು. ಅದು ಮೇಸ್ತ್ರಿಗೆ ಹೇಳುವ ವಿಷಯ ಎಂದುಕೊಂಡು ನಿಮ್ಮಪ್ಪ ತಲೆಯಾಡಿಸಿದ. ನೀವಿಬ್ಬರೂ ಅಪ್ಪಳಕ್ಕೆ ಜಗಳವಾಡುತ್ತಿದ್ದಿರಿ.

ಬೆಳಿಗ್ಗೆ ನೀವು ಏಳುವ ಮೊದಲೇ ಅವನಿಗೆ ಕಾಫಿ ಕೊಟ್ಟು, ಎದುರಿಗೆ ಕೂತು ಹೇಳಿದೆ. ಮಧ್ಯೆ ಯಾರೂ ಇರಲಿಲ್ಲ. ಶೆಡ್ಡು ಹಿತ್ತಲ ಕಡೆಗೆ ಬರುತ್ತದೆ.